ನಮಗೇನೂ ಕಡಿಮೆಯಿಲ್ಲ

ಪೆರು ದೇಶದ ಲಿಮಾದಲ್ಲಿ, ಕೊಯೀಕೆ ಗುಡ್ಡದ ಮೂರನೇ ಓಣಿಯವರ ಪಾಲಿಗೆ ನೆಲಿದಾ ಎಂದರೆ ಇಟಲಿಯ ಮಿಲಾನಿನಲ್ಲಿ ನರ್ಸು. ದೊಡ್ಡ ಆಸ್ಪತ್ರೆ, ಬಿಳಿ ಅಂಗಿ, ಕೈಕೆಳಗೆ ನಾಲ್ಕು ಜನ ಸಹಾಯಕಿಯರು. ಈ ನಾಲ್ಕು ಜನರನ್ನು ಕೆಲಸಕ್ಕೆ ಸೇರಿಸಿಕೊಂಡವನು ಅವಳ ಅಪ್ಪ ಫಿದೆನ್ಸಿಯೊ. ಮೊದಲ ವರ್ಷ ಇಬ್ಬರೇ ಇದ್ದರು, ಮೂರನೆಯ ವರ್ಷಕ್ಕೆ ನಾಲ್ವರಾದರು. ನಿಜವಾಗಿ ನೆಲಿದಾ ಒಬ್ಬ ಮುದುಕಿಯ ಮನೆಯಲ್ಲೇ ಉಳಿದುಕೊಂಡು ಆಕೆಗೆ ಸ್ನಾನ ಮಾಡಿಸಿ, ಉಣಿಸಿ, ಹಾಸಿಗೆ ಬದಲಿಸುವ ಕೆಲಸದಲ್ಲಿದ್ದಳು. ಅದು ಮನೆಯೊಳಗಿನ ಮಾತು. ತಾಯಿ ಎರ್ಮೆಲಿಂದಾ ಒಂದೆರಡು ಸಲ ಗಂಡನಿಗೆ, “ಯಾಕ್ರೀ ಸುಮ್ಮನೆ ಬುರುಡೆ ಬಿಡ್ತೀರಿ?” ಎಂದಿದ್ದುಂಟು. ಆದರೆ ಓಣಿಯ ಹೆಂಗಸರು ತನ್ನನ್ನು “ನರ್ಸಮ್ಮನ ತಾಯಿ” ಎಂದು ಕರೆದಾಗ ಅವಳೂ ಬೇಡವೆನ್ನಲಿಲ್ಲ.

ಮೇ ತಿಂಗಳ ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕೂತಿದ್ದಾಗ ಫೋನು ಬಂತು.

“ಅಮ್ಮ, ಸ್ಪೀಕರ್ ಹಾಕಬೇಡ,” ಎಂದಳು ನೆಲಿದಾ.

ಅಷ್ಟರಲ್ಲಿ ತಮ್ಮ ವಿಲ್ದೆರ್ ಸ್ಪೀಕರ್ ಒತ್ತಿಯಾಗಿತ್ತು. ಹೀಗಾಗಿ ಅವಳು ತಾಯಿಯೊಬ್ಬಳಿಗೆ ಹೇಳಬೇಕೆಂದಿದ್ದನ್ನು ಮನೆಯವರೆಲ್ಲ ಚಮಚ ಹಿಡಿದುಕೊಂಡೇ ಕೇಳಿದರು. ಮುದುಕಿ ಫೆಬ್ರವರಿಯಲ್ಲಿ ಸತ್ತಿದ್ದಳು. ಅವಳ ಮಕ್ಕಳು ವಾರದೊಳಗೆ ಬೀಗ ಬದಲಾಯಿಸಿದ್ದರು. ಕೆಲಸ ಹುಡುಕುತ್ತ ಅಲೆಯುವಾಗ ನೆಲಿದಾ ಮೆಟ್ರೋ ಮೆಟ್ಟಿಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಒಳಗೆ ಕಬ್ಬಿಣದ ಸರಳು ಹಾಕಿದ್ದರು. ಈಗ ಸನ್ಯಾಸಿನಿಯರ ಆಶ್ರಯದಲ್ಲಿದ್ದಳು. ಅಲ್ಲಿ ತಿಂಗಳ ಕೊನೆಯವರೆಗೆ ಮಾತ್ರ ಜಾಗ.

“ಪ್ರತಿ ಭಾನುವಾರ ಚೆನ್ನಾಗಿದೀನಿ ಅಂತಿದ್ಯಲ್ಲೇ!” ಎಂದಳು ಎರ್ಮೆಲಿಂದಾ.

“ಇನ್ನೇನು ಅನ್ನಲಮ್ಮ?”

ಒಂದು ದಾರಿ ಇತ್ತು. ಮಿಲಾನಿನಲ್ಲಿ ಮನೆಗೆಲಸ, ಅಡುಗೆಕೆಲಸ ಮಾಡುವ ಪೆರುವಿನ ಹೆಂಗಸರೇ ಕೂಡಿ ಒಂದು ಸಂಘ ಮಾಡಿಕೊಂಡಿದ್ದರು. ಪರದೇಶದಲ್ಲಿ ಕೈಕಾಲು ಸೋತು ಬಿದ್ದ ತಮ್ಮ ದೇಶದವರನ್ನು ಊರು ಮುಟ್ಟಿಸುವುದು ಅವರ ಕೆಲಸ. ವಿಮಾನದ ಟಿಕೆಟ್ಟು, ಗಾಲಿಕುರ್ಚಿ, ಇಲ್ಲಿಗೆ ಬಂದ ಮೇಲೆ ಆರು ತಿಂಗಳು ಕಾಲಿನ ವ್ಯಾಯಾಮ, ಎಲ್ಲ ಅವರದೇ. ಆದರೆ ಮೊದಲು ಲಿಮಾದ ಅವರ ಕಚೇರಿಯಿಂದ ಒಬ್ಬರು ಬಂದು ಮನೆ ನೋಡಬೇಕು.

“ಮನೆ ನೋಡ್ತಾರಂತಾ?” ಫಿದೆನ್ಸಿಯೊ ಚಮಚ ಕೆಳಗಿಟ್ಟ. “ಯಾವತ್ತು?”

“ಮುಂದಿನ ಗುರುವಾರ ಅಪ್ಪ.”

ಫೋನು ಇಟ್ಟ ಮೇಲೆ ಯಾರಿಗೂ ಊಟ ಸೇರಲಿಲ್ಲ. ಫಿದೆನ್ಸಿಯೊ ಎದ್ದು ಮನೆಯನ್ನೊಮ್ಮೆ ಸುತ್ತಿದ. ನೆಲಿದಾ ಕಳಿಸಿದ ಹಣದಲ್ಲಿ ಮೇಲಂತಸ್ತಿನ ಗೋಡೆ ಎದೆಮಟ್ಟ ಎದ್ದು ನಿಂತುಹೋಗಿತ್ತು. ಕೆಳಗೆ ಕೆಟ್ಟುಹೋದ ಹಳೇ ಫ್ರಿಜ್ಜೊಂದು ಎರಡು ವರ್ಷದಿಂದ ಅಕ್ಕಿ, ಸಕ್ಕರೆ ಇಡುವ ಬೀರುವಾಗಿತ್ತು. ಕೂರಲು ಮೂರು ಪ್ಲಾಸ್ಟಿಕ್ ಕುರ್ಚಿ. ನಾಲ್ಕನೆಯದರ ಕಾಲನ್ನು ತಂತಿಯಿಂದ ಬಿಗಿದಿತ್ತು.

“ಇದನ್ನ ತೋರಿಸ್ತೀವಾ ಅವರಿಗೆ?”

“ಅಪ್ಪ, ನಾವು ಬಡವರು ಅಂತ ನೋಡೋಕೇ ಬರೋದು ಅವರು,” ಎಂದ ವಿಲ್ದೆರ್. ಅವನು ಆಟೋ ಓಡಿಸುತ್ತಿದ್ದ, ಊರು ತಿರುಗಿದವನು.

“ಬಡವರಿರಬಹುದು, ಗತಿಗೆಟ್ಟವರಲ್ಲ. ಎಂಥಾ ಮನೆ ಹುಡುಗಿ ಅಂತ ನೋಡ್ತಾರೆ. ದಿಕ್ಕುದೆಸೆ ಇಲ್ಲದವಳನ್ನ ಯಾರಾದ್ರೂ ಪುಕ್ಕಟೆ ವಿಮಾನ ಹತ್ತಿಸ್ತಾರೇನೋ?”

“ಅಂಥವಳನ್ನೇ ಹತ್ತಿಸೋದು!”

“ನಿನಗೆ ಗೊತ್ತಿಲ್ಲ, ಸುಮ್ನಿರು.”

ಎರ್ಮೆಲಿಂದಾಗೆ ಗೊತ್ತಿತ್ತು. ಅವಳು ಒಂಬತ್ತು ವರ್ಷದಿಂದ ಓಣಿಯ ಸಾಮೂಹಿಕ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ಅಲ್ಲಿ ಸದಸ್ಯರು ಚಿಲ್ಲರೆ ಕಾಸು ಕೊಟ್ಟು ಊಟ ಒಯ್ಯುತ್ತಾರೆ. ಅದೂ ಆಗದವರಿಗೆ ಗತಿಯಿಲ್ಲದವರ ಪಟ್ಟಿಯೊಂದಿದೆ. ಆ ಪಟ್ಟಿಗೆ ಹೆಸರು ಸೇರಿಸುವ ಮೊದಲು ಇಬ್ಬರು ಹೆಂಗಸರು ಹೋಗಿ ಮನೆ ನೋಡಿ ಬರಬೇಕು. ಎಷ್ಟೋ ಮನೆಗಳಿಗೆ ಅವಳೇ ಹೋಗಿದ್ದಳು. ವಿಧವೆ ಸೊರೈದಾಳ ಮನೆಯಲ್ಲಿ ಟಿವಿ ಕಂಡು, “ಇವಳಿಗೇನು ದಾಡಿ?” ಎಂದು ಹೆಸರು ಹೊಡೆದುಹಾಕಿಸಿದವಳೂ ಅವಳೇ. ಮನೆ ನೋಡಲು ಬಂದವರ ಕಣ್ಣು ಮೊದಲು ಎಲ್ಲಿ ಬೀಳುತ್ತದೆ ಎಂಬುದನ್ನು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ.

“ಬೇಡ ಕಣ್ರೀ, ಇದ್ದಹಾಗೇ ಇರಲಿ,” ಎಂದಳು ಅವಳು. ಒಂದೇ ಸಲ ಎಂದಳು.

ಬುಧವಾರ ಎದುರುಮನೆಯ ಅಂಗಡಿಯ ಪ್ರಾಕ್ಸೆದೆಸಳ ಎರಡು ಬಾಗಿಲಿನ ಫ್ರಿಜ್ಜು ಓಣಿ ದಾಟಿ ಬಂತು. ಅವಳಿಗೆ ಫಿದೆನ್ಸಿಯೊ ಹೇಳಿದ್ದು, ಮಿಲಾನಿನ ಆಸ್ಪತ್ರೆಯವರು ನರ್ಸಿನ ಮನೆಯವರನ್ನು ಮಾತಾಡಿಸಿ ಹೋಗಲು ಬರುತ್ತಿದ್ದಾರೆ ಎಂದು. ಪ್ರಾಕ್ಸೆದೆಸ್ ಧಾರಾಳಿ, ಒಳಗಿದ್ದ ಸೋಡಾ ಬಾಟಲಿಗಳ ಸಮೇತ ಕಳಿಸಿದಳು. ಮೂಲೆಮನೆಯ ದರ್ಜಿಯ ಸೋಫಾ ಬಂತು. ಹಳೇ ಫ್ರಿಜ್ಜು ಮಹಡಿ ಹತ್ತಿ ಪ್ಲಾಸ್ಟಿಕ್ ಹಾಳೆ ಹೊದ್ದು ಕೂತಿತು. ಫಿದೆನ್ಸಿಯೊನ ತಾಯಿ, ಎಂಬತ್ತು ದಾಟಿದ ಸಾತುರ್ನಿನಾ ಅಜ್ಜಿ, ಹಿತ್ತಿಲ ಗೂಡಿನಲ್ಲಿ ಕುಯ್ ಸಾಕುತ್ತಿದ್ದಳು. ಮೊಲಕ್ಕಿಂತ ಚಿಕ್ಕ, ಇಲಿಗಿಂತ ದೊಡ್ಡ ಆ ಪ್ರಾಣಿಗಳೆಂದರೆ ಅವಳಿಗೆ ಮೊಮ್ಮಕ್ಕಳಿಗಿಂತ ಒಂದು ಕೈ ಹೆಚ್ಚು.

“ಎರಡು ಕೊಡವ್ವ, ಮರ್ಯಾದೆ ಪ್ರಶ್ನೆ,” ಎಂದ ಮಗ.

“ನಿನ್ನ ಮರ್ಯಾದೆಗೆ ನನ್ನ ಕುಯ್ ಯಾಕೋ ಸಾಯ್ಬೇಕು?” ಎಂದು ಅಜ್ಜಿ ಗೊಣಗಿದಳು. ಕೊನೆಗೂ ಕೊಟ್ಟಳು.

ಆ ದಿನ ಎರ್ಮೆಲಿಂದಾ ಪರರ ಫ್ರಿಜ್ಜನ್ನು ವಿನೆಗರ್ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದಳು. ಅದರ ಬಾಗಿಲಲ್ಲಿ ತನ್ನ ಮುಖ ಕಂಡಾಗ ಅವಳಿಗೆ ಹೆಮ್ಮೆಯೇ ಆಯಿತು. ನಾಚಿಕೆಗೇಡು, ಆದರೆ ಆದದ್ದು ಅದೇ.

ಗುರುವಾರ ಬಂದಾಕೆಯ ಹೆಸರು ಇವೋನ್. ಮೂವತ್ತರ ಹುಡುಗಿ. ನೂರೆಂಬತ್ತು ಮೆಟ್ಟಿಲು ಹತ್ತಿ ಉಬ್ಬಸ ಪಡುತ್ತಿದ್ದಳು. ನೀರು ಕೇಳಿದಳು. ಫಿದೆನ್ಸಿಯೊ ಎರಡೂ ಬಾಗಿಲು ಒಟ್ಟಿಗೆ ತೆರೆದು, “ಯಾವುದು ಬೇಕು ಮೇಡಂ, ಕಿತ್ತಳೆಯಾ, ನಿಂಬೆಯಾ?” ಎಂದ. ಅವಳ ಪೆನ್ನು ಓಡಿತು.

“ತಿಂಗಳು ಹೇಗೆ ತೂಗಿಸ್ತೀರಿ ಸಾರ್?”

“ಕಟ್ಟಡ ಕಂಟ್ರಾಕ್ಟು ಮೇಡಂ. ದೇವರು ಕೊಟ್ಟಿದ್ದಾನೆ.” ಅವನು ಕಟ್ಟಡದ ಕೂಲಿ. ಬೆನ್ನು ಹಿಡಿದುಕೊಂಡು ವಾರಕ್ಕೆ ಮೂರು ದಿನ ಮನೆಯಲ್ಲೇ ಬಿದ್ದಿರುತ್ತಿದ್ದ.

ಹುರಿದ ಕುಯ್, ಹಳದಿ ಮೆಣಸಿನಕಾಯಿ ಚೀಸ್ ಗೊಜ್ಜಿನ ಆಲೂಗಡ್ಡೆ, ಮೇಲೆ ಮೊಟ್ಟೆ, ಆಲಿವ್. ಇವೋನ್ ಸಂಕೋಚಪಡುತ್ತಲೇ ಉಂಡಳು. ನಡುವೆ ಅಜ್ಜಿ ತನ್ನ ಬೆಟ್ಟದ ಕೆಚುವಾ ಭಾಷೆಯಲ್ಲಿ, “ಈ ಫ್ರಿಜ್ಜು ಯಾವಾಗ ವಾಪಸು ಹೋಗತ್ತೆ? ನನಗೆ ನಡೆದಾಡೋಕೆ ಜಾಗ ಇಲ್ಲ,” ಎಂದು ಜೋರಾಗಿ ಕೇಳಿದಳು.

“ಅಜ್ಜಿ ಏನಂದ್ರು?” ಇವೋನ್ ನಕ್ಕಳು. ಅವಳಿಗೆ ಆ ಭಾಷೆ ಬರುತ್ತಿರಲಿಲ್ಲ.

“ಇನ್ನೊಂದು ಆಲೂಗಡ್ಡೆ ಹಾಕಿಸ್ಕೊಳ್ಳಿ ಅಂದ್ರು,” ಎಂದ ಫಿದೆನ್ಸಿಯೊ. ವಿಲ್ದೆರ್ ಎದ್ದು ಹೊರಗೆ ಹೋದ.

ಇವೋನಳನ್ನು ಬೀಳ್ಕೊಡಲು ಎರ್ಮೆಲಿಂದಾ ಒಬ್ಬಳೇ ಬಾಗಿಲವರೆಗೆ ಹೋದಳು. ಹುಡುಗಿ ನಿಂತು ಅವಳ ಕೈ ಹಿಡಿದುಕೊಂಡಳು.

“ಅಮ್ಮಾ, ಇನ್ನೇನಾದ್ರೂ ಹೇಳೋದಿದೆಯಾ? ಒಳಗಡೆ ಹೇಳೋಕಾಗದೆ ಇರೋದು? ನಾವಿಬ್ರೇ ಇದೀವಿ.”

ಇಬ್ಬರೇ ಇರಲಿಲ್ಲ. ಎದುರಿನ ಅಂಗಡಿಯ ಕಿಟಕಿಯಲ್ಲಿ ಪ್ರಾಕ್ಸೆದೆಸ್ ಮೊಣಕೈ ಊರಿ ನಿಂತಿದ್ದಳು. ಎರ್ಮೆಲಿಂದಾ ಒಂದು ಮಾತು ಹೇಳಿದ್ದರೆ ಸಾಕಿತ್ತು. ಪಿಸುಗುಟ್ಟಿದ್ದರೂ ಸಾಕಿತ್ತು.

“ಏನೂ ಇಲ್ಲ ಮೇಡಂ,” ಎಂದಳು. “ದೇವರ ದಯೆ. ನಮಗೇನೂ ಕಡಿಮೆಯಿಲ್ಲ.”

ಓಣಿಗೆ ಕೇಳಿಸಲೆಂದು ದನಿಯನ್ನು ಸ್ವಲ್ಪ ಏರಿಸಿಯೇ ಹೇಳಿದಳು.

ಹನ್ನೆರಡು ದಿನದ ಮೇಲೆ ನೆಲಿದಾ ತಮ್ಮನಿಗೆ ಫೋನು ಮಾಡಿದಳು. ಸಂಘದವರು ಇಲ್ಲವೆಂದಿದ್ದರು. ಮನೆಯವರು ಅನುಕೂಲಸ್ಥರು, ತಾವೇ ಕರೆಸಿಕೊಳ್ಳಬಲ್ಲರು, ಹಾಗಾಗಿ ಈ ಸಲದ ಟಿಕೆಟ್ಟು ಮೂತ್ರಪಿಂಡ ಕೆಟ್ಟ ಇನ್ನೊಬ್ಬರಿಗೆ ಎಂದು ಬರೆದಿದ್ದರು. ಆಶ್ರಯದ ಅವಧಿ ಮುಗಿದಿತ್ತು. ಆ ಹಾಸಿಗೆಗೆ ಬೇರೊಬ್ಬಳು ಕಾಯುತ್ತಿದ್ದಳು.

ವಿಲ್ದೆರ್ ಸಂಜೆ ಚಹಾ ಹೊತ್ತಿಗೆ ಬಂದು ಆಟೋದ ಕೀಲಿಯನ್ನು ಮೇಜಿನ ಮೇಲೆ ಎಸೆದ.

“ಅಕ್ಕ ನಾಲ್ಕು ದಿನದಿಂದ ರೈಲ್ವೆ ಸ್ಟೇಷನ್ನಲ್ಲಿದಾಳೆ.”

“ಯಾರನ್ನ ನೋಡೋಕೆ?” ಎಂದ ಫಿದೆನ್ಸಿಯೊ.

“ಯಾರನ್ನೂ ಅಲ್ಲ! ಮಲಗೋಕೆ. ಊರುಗೋಲು ಪಕ್ಕದಲ್ಲಿಟ್ಕೊಂಡು ಬೆಂಚಿನ ಮೇಲೆ. ನಿಮ್ಮ ಫ್ರಿಜ್ಜು ಅಕ್ಕನ್ನ ಬೀದಿಗೆ ಹಾಕ್ತು ಅಪ್ಪ. ಕಿತ್ತಳೆಯಾ ನಿಂಬೆಯಾ ಅಂದ್ರಲ್ಲ, ಈಗ ಕೇಳಿ ಅವಳನ್ನ.”

“ಮಗನೇ, ಬಾಯಿ ಬಿಗಿಹಿಡಿ.”

“ಹೇಳ್ಲಿ ಬಿಡೋ, ಅವನು ಹೇಳೋದ್ರಲ್ಲಿ ತಪ್ಪೇನು?” ಅಜ್ಜಿ ಮೂಲೆಯಿಂದ ಗದರಿದಳು. “ನಿನ್ನಪ್ಪನೂ ಹೀಗೇ ಜಂಬ ಕೊಚ್ಚಿ ಕೊಚ್ಚಿ ಸತ್ತ. ಎರಡು ಕುಯ್ ತಿಂದ್ಕೊಂಡು ಹೋದಳು ಆ ಹುಡುಗಿ, ಏನು ಬಂತು?”

ಫಿದೆನ್ಸಿಯೊ ಹೆಂಡತಿಯ ಕಡೆ ನೋಡಿದ. ಅವಳು ಏನಾದರೂ ಆಸರೆಯ ಮಾತು ಆಡಿಯಾಳು ಎಂದಿರಬೇಕು.

“ನಾನು ಬೇಡ ಅಂದಿರಲಿಲ್ವಾ?” ಎಂದಳು ಎರ್ಮೆಲಿಂದಾ. “ಇದ್ದಹಾಗೇ ಇರಲಿ ಅಂದಿರಲಿಲ್ವಾ?”

“ನೀನು ಅಂದಿದ್ದೆ,” ಎಂದ ಅವನು. ಅಷ್ಟು ಹೇಳಿ, ಚಹಾ ಕುಡಿಯದೆ ಮಹಡಿ ಹತ್ತಿದ.

ಬಾಗಿಲಲ್ಲಿ ನಡೆದದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಹೇಳಿಬಿಡಬೇಕು ಎಂದು ಅವಳ ನಾಲಿಗೆ ತುದಿಯವರೆಗೆ ಬಂತು. ಆದರೆ ಮಗ ಆಗಲೇ ಅಪ್ಪನ ಮೇಲೆ ಎಲ್ಲ ಹೊರಿಸಿಯಾಗಿತ್ತು. ಅವಳು ಲೋಟ ತೊಳೆಯಲು ಎದ್ದಳು.

ವಿಲ್ದೆರ್ ಮರುದಿನವೇ ಇವೋನಳ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವಳು ಸಿಟ್ಟಾಗಲಿಲ್ಲ. ಆದರೆ ಒಂದು ಸಲ ಬರೆದದ್ದನ್ನು ಬದಲಿಸಬೇಕಾದರೆ ಬರೀ ಮನೆಯವರ ಮಾತು ಸಾಲದು. ಓಣಿಯ ಅಡುಗೆಮನೆಯ ಸಭೆ ಈ ಮನೆಯವರ ಹೆಸರನ್ನು ಗತಿಯಿಲ್ಲದವರ ಪಟ್ಟಿಗೆ ಸೇರಿಸಿ, ಮೊಹರು ಹಾಕಿ ಕೊಡಬೇಕು.

“ನಾನು ಹೋಗಿ ಹೇಳ್ತೀನಿ,” ಎಂದ ಫಿದೆನ್ಸಿಯೊ.

“ಹೆಂಗಸರ ಸಭೆಗೆ ನೀವೆಲ್ಲಿ ಹೋಗ್ತೀರಿ? ನಾನೇ ಹೇಳ್ತೀನಿ.”

ಸಭೆಯೆಂದರೆ ಆಲೂಗಡ್ಡೆ ಸುಲಿಯುತ್ತ ಕೂತ ಇಪ್ಪತ್ತೆಂಟು ಹೆಂಗಸರು. ಎರ್ಮೆಲಿಂದಾ ಎದ್ದು ನಿಂತು ಏಪ್ರನ್ನಿಗೆ ಕೈ ಒರೆಸಿದಳು, ಮತ್ತೆ ಒರೆಸಿದಳು.

“ನೆಲಿದಾ ನರ್ಸಲ್ಲ,” ಎಂದಳು.

ಚಾಕುಗಳು ನಿಂತವು.

“ಒಬ್ಬ ಮುದುಕೀನ ನೋಡ್ಕೊಳ್ತಿದ್ದಳು. ಮುದುಕಿ ಹೋದಳು, ಇವಳ ಕಾಲು ಮುರೀತು. ಈಗ ಸ್ಟೇಷನ್ನಲ್ಲಿ ಮಲಗ್ತಾಳೆ. ಅವಳನ್ನ ಕರೆಸೋಕೆ ನಮ್ಮ ಹತ್ರ ಏನೂ ಇಲ್ಲ. ಪಟ್ಟಿಗೆ ಹೆಸರು ಹಾಕಿ ಅಂತ ಕೇಳ್ಕೊಳ್ತೀನಿ.”

“ಹಾಗಾದ್ರೆ ನನ್ನ ಫ್ರಿಜ್ಜು ನೋಡೋಕೆ ಬಂದ ಆಸ್ಪತ್ರೆಯವರು ಯಾರೇ?” ಎಂದಳು ಪ್ರಾಕ್ಸೆದೆಸ್.

“ಆಸ್ಪತ್ರೆಯವರಲ್ಲ ಅಕ್ಕಾ. ನೆರವು ಕೊಡೋರು. ನಮ್ಮ ಯಜಮಾನರು… ಅವರ ಜಂಬ ನಿಮಗೆ ಗೊತ್ತಲ್ಲ. ಎಷ್ಟು ಹೇಳಿದ್ರೂ ಕೇಳಲಿಲ್ಲ.”

ಹೆಂಗಸರು ಲೊಚಗುಟ್ಟಿದರು. ಗಂಡಸರ ಜಂಬವೆಂದರೆ ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬಳು, “ನಿನ್ನಂಥವಳಿಗೆ ಎಂಥವನು ಗಂಟುಬಿದ್ದ,” ಎಂದಳು. ಎರ್ಮೆಲಿಂದಾ ತಲೆ ತಗ್ಗಿಸಿದಳು. ಅದನ್ನು ಅವರು ದುಃಖವೆಂದುಕೊಂಡರು.

ಹಿಂದಿನ ಸಾಲಿನಿಂದ ಸೊರೈದಾ ಮಾತಾಡಿದಳು. “ನಮ್ಮನೆ ಟಿವಿ ಓಡ್ತಿರಲಿಲ್ಲ ಎರ್ಮೆಲಿಂದಾ. ನೀನು ಸ್ವಿಚ್ ಹಾಕಿ ನೋಡಲೇ ಇಲ್ಲ.”

ಎರ್ಮೆಲಿಂದಾಗೆ ಭೂಮಿಗಿಳಿದು ಹೋಗಬೇಕೆನಿಸಿತು.

“ತಪ್ಪಾಯ್ತು ಸೊರೈದಾ.”

“ನಾಲ್ಕು ತಿಂಗಳು ಮಕ್ಕಳಿಗೆ ಬರೀ ಬ್ರೆಡ್ಡು ಕೊಟ್ಟೆ. ಅಷ್ಟು ಹೇಳಬೇಕಿತ್ತು, ಹೇಳಿದೆ.” ಹಾಗೆಂದು ಸೊರೈದಾ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಉಳಿದ ಕೈಗಳು ಒಂದೊಂದಾಗಿ ಮೇಲೆದ್ದವು.

ಇವೋನ್ ಎರಡನೆಯ ಸಲ ಬಂದಾಗ ಫಿದೆನ್ಸಿಯೊ ಬಣ್ಣದ ಡಬ್ಬಿಯ ಮೇಲೆ ಕೂತಿದ್ದ. ಕೇಳಿದ್ದಕ್ಕೆಲ್ಲ ಹೌದು, ಇಲ್ಲ ಎಂದ. ಮಹಡಿಯಿಂದ ಇಳಿಸಿ ತಂದ ಹಳೇ ಫ್ರಿಜ್ಜಿನ ಬಾಗಿಲನ್ನು ತಾನೇ ತೆರೆದು ಅಕ್ಕಿ ಡಬ್ಬಿ ತೋರಿಸಿದ. ಬಾಗಿಲ ಬಳಿ ಇವೋನ್ ಎರ್ಮೆಲಿಂದಾಳ ಮುಖ ನೋಡಿದಳು, ಏನೋ ಹೇಳುವವಳಿದ್ದಳು, ಹೇಳಲಿಲ್ಲ. ಅವಳು ಮೆಟ್ಟಿಲಿಳಿದು ಹೋದ ಮೇಲೆ ಎರ್ಮೆಲಿಂದಾ ಬಚಾವಾದೆ ಎಂದುಕೊಂಡಳು. ಆಮೇಲೆ, ಹಾಗೆಂದುಕೊಂಡದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ನೆಲಿದಾ ಒಟ್ಟು ಒಂಬತ್ತು ರಾತ್ರಿ ಸ್ಟೇಷನ್ನಿನಲ್ಲಿ ಕಳೆದ ಮೇಲೆ ಸಂಘದ ಒಬ್ಬಾಕೆ ಅವಳನ್ನು ತನ್ನ ಕೋಣೆಗೆ ಕರೆದೊಯ್ದಳು. ಸಂಘದ ಮುಂದಿನ ಟಿಕೆಟ್ಟು ಸಿಕ್ಕಿ, ಜುಲೈ ಮೊದಲ ವಾರ ನೆಲಿದಾ ಲಿಮಾದಲ್ಲಿ ಇಳಿದಳು. ಗುಡ್ಡದ ಬುಡದಿಂದ ವಿಲ್ದೆರ್ ಅಕ್ಕನನ್ನು ಬೆನ್ನ ಮೇಲೆ ಹೊತ್ತು ತಂದ. ಅಕ್ಕಪಕ್ಕದವರು ಬಾಗಿಲಿಗೆ ಬಂದು ಕೈ ಮುಟ್ಟಿ ಮಾತಾಡಿಸಿದರು. ನರ್ಸೆಂಬ ಮಾತನ್ನು ಯಾರೂ ಎತ್ತಲಿಲ್ಲ.

ಮನೆಗೆ ಬಂದ ನೆಲಿದಾ ಅಪ್ಪನೊಡನೆ ಮಾತಾಡಲಿಲ್ಲ. ಅವನು ಉಪ್ಪು ಕೊಟ್ಟರೆ ಮುಟ್ಟಲಿಲ್ಲ, ಅವನು ಒಳಗೆ ಬಂದರೆ ಗೋಡೆ ಕಡೆ ತಿರುಗಿದಳು. ಮೂರನೆಯ ದಿನದಿಂದ ಅವನು ತಟ್ಟೆ ಹಿಡಿದು ಮಹಡಿಗೆ ಹೋಗಿ ಆ ಎದೆಮಟ್ಟದ ಗೋಡೆಯ ಹಿಂದೆ ಕೂತು ಉಣ್ಣತೊಡಗಿದ. ಮಗಳ ಊರುಗೋಲಿನ ತುದಿಯ ರಬ್ಬರು ಸವೆದದ್ದನ್ನು ಕಂಡು, ಹಳೇ ಟೈರು ಕತ್ತರಿಸಿ ಹೊಸದು ಮಾಡಿ ಬಾಗಿಲ ಬಳಿ ಇಟ್ಟುಹೋದ. ಅವಳು ಅದನ್ನೂ ಹಾಕಿಕೊಳ್ಳಲಿಲ್ಲ. ಎರ್ಮೆಲಿಂದಾ ಎರಡು ವಾರ ಇದನ್ನೆಲ್ಲ ನೋಡಿದಳು. ಪಟ್ಟಿಯಲ್ಲಿ ತಮ್ಮ ಮನೆಗೆ ಬಂದ ಪಾಲಿನ ಊಟವನ್ನು, ಎಲ್ಲರೂ ಹೋದ ಮೇಲೆ, ಶಾಲಿನಡಿ ಮುಚ್ಚಿಕೊಂಡು ತರುತ್ತಿದ್ದಳು.

ಭಾನುವಾರ ಪ್ರಾಕ್ಸೆದೆಸ್ ಒಂದು ಕೋಳಿ ಕೊಟ್ಟಿದ್ದಳು. ಊಟದ ನಡುವೆ ನೆಲಿದಾ ತನ್ನ ತಟ್ಟೆಯ ತೊಡೆ ತುಂಡನ್ನು ಎತ್ತಿ ತಾಯಿಯ ತಟ್ಟೆಗಿಟ್ಟಳು.

“ನೀನು ತಿನ್ನಮ್ಮ. ಈ ಮನೇಲಿ ನನ್ನ ಪರ ನಿಂತವಳು ನೀನೊಬ್ಬಳೇ. ಇಡೀ ಸಭೆ ಮುಂದೆ ಬಾಯಿಬಿಟ್ಟು ಹೇಳಿದ್ಯಂತೆ. ವಿಲ್ದೆರ್ ಹೇಳ್ದ.”

ಎರ್ಮೆಲಿಂದಾ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟಳು. ನೀರು ಕುಡಿದಳು. ತುಂಡನ್ನು ವಾಪಸು ಮಗಳ ತಟ್ಟೆಗೆ ಇಟ್ಟಳು.

“ಆ ಮೇಡಂ ಮೊದಲ ಸಲ ಬಂದಾಗ, ಹೋಗೋವಾಗ ಬಾಗಿಲ ಹತ್ರ ನನ್ನ ಕೈ ಹಿಡ್ಕೊಂಡು ಕೇಳಿದ್ಲು. ಏನಾದ್ರೂ ಹೇಳೋದಿದೆಯಾ ಅಂತ.”

“ಹೂಂ?”

“ನಿಮ್ಮಪ್ಪ ಅಲ್ಲಿರಲಿಲ್ಲ. ಹೇಳಬಹುದಿತ್ತು. ನಮಗೇನೂ ಕಡಿಮೆಯಿಲ್ಲ ಅಂದೆ.”

ವಿಲ್ದೆರ್ ಅಗಿಯುವುದನ್ನು ನಿಲ್ಲಿಸಿದ.

“ಪ್ರಾಕ್ಸೆದೆಸ್ ಕಿಟಕಿಯಲ್ಲಿ ನಿಂತಿದ್ಲು. ಅವಳಿಗೆ ಕೇಳಲಿ ಅಂತ ಗಟ್ಟಿಯಾಗಿ ಅಂದೆ. ಫ್ರಿಜ್ಜು ತಂದಿದ್ದು ಅವರು ಸರಿ. ಅವರಿಗೆ ತಿಳೀಲಿಲ್ಲ. ನನಗೆ ತಿಳಿದಿತ್ತು ಕಣೇ. ಒಂಬತ್ತು ವರ್ಷ ನಾನೇ ಮನೆ ನೋಡಿ ಬಂದವಳು.”

“ಅಪ್ಪನಿಗೆ ಗೊತ್ತಾ?”

“ಇಲ್ಲ. ಎಲ್ಲರೂ ಬೈಯುವಾಗ ನಾನೂ ಬೈದೆ.”

ಮೆಟ್ಟಿಲ ಮೇಲೆ ಖಾಲಿ ತಟ್ಟೆ ಹಿಡಿದು ಇಳಿಯುತ್ತಿದ್ದ ಫಿದೆನ್ಸಿಯೊ ಅಲ್ಲೇ ನಿಂತಿದ್ದ. ಹೆಂಡತಿಯ ಮುಖ ನೋಡಲಿಲ್ಲ. ನೆಲಿದಾ ಅವನ ಕಡೆ ತಿರುಗಿದಳು.

“ಅಪ್ಪ, ಕೆಳಗೆ ಬನ್ನಿ. ಕೋಳಿ ಇನ್ನೂ ಇದೆ.”

ಅವನು ಬಂದು ತಂತಿ ಕಟ್ಟಿದ ಕುರ್ಚಿಯಲ್ಲಿ ಕೂತ. ನೆಲಿದಾ ಅವನಿಗೆ ಬಡಿಸಿದಳು. ತಾಯಿಯೊಡನೆ ಆ ದಿನವಿಡೀ ಒಂದು ಮಾತೂ ಆಡಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಎರ್ಮೆಲಿಂದಾಗೆ ಅನಿಸುತ್ತಲೇ ಇತ್ತು.

ಮರುದಿನ ಸೋಮವಾರ. ಅಡುಗೆಮನೆಯಲ್ಲಿ ಚನ್ನಂಗಿ ಬೇಳೆ, ಅನ್ನ. ಎರ್ಮೆಲಿಂದಾ ಬಡಿಸುತ್ತಿದ್ದಳು. ಕಾಸು ಕೊಡುವವರ ಸಾಲು ಕರಗಿ ಪಟ್ಟಿಯವರ ಸಾಲು ಶುರುವಾದಾಗ ಹೊರಗಿನ ಗದ್ದಲ ತಟ್ಟನೆ ತಗ್ಗಿತು. ಅವಳು ತಲೆಯೆತ್ತಿದಳು. ನೆಲಿದಾ ಎರಡು ಊರುಗೋಲಿನ ಮೇಲೆ, ಕೊರಳಿಗೆ ಹಗ್ಗದಲ್ಲಿ ಪಾತ್ರೆ ನೇತುಹಾಕಿಕೊಂಡು, ಅರವತ್ತು ಮೆಟ್ಟಿಲು ಇಳಿದು ಬಂದು ಸೊರೈದಾಳ ಹಿಂದೆ ನಿಂತಿದ್ದಳು. ಬೆವರು ಗಲ್ಲದಿಂದ ಇಳಿಯುತ್ತಿತ್ತು.

“ನಾನು ತರ್ತಿದ್ನಲ್ಲೇ,” ಎಂದಳು ಎರ್ಮೆಲಿಂದಾ ಮೆಲ್ಲಗೆ.

ಸೊರೈದಾ ಬಡಿಸಿಕೊಂಡು ಸರಿದ ಮೇಲೆ ನೆಲಿದಾ ಕೊರಳಿನ ಪಾತ್ರೆ ಬಿಚ್ಚಿ ಮುಂದಿಟ್ಟಳು. ಪುಸ್ತಕ ಹಿಡಿದ ಹೆಂಗಸು ರೂಢಿಯಂತೆ, “ಹೆಸರು?” ಎಂದು ಕೇಳಿ, ಕೇಳಬಾರದಿತ್ತೆಂದು ನಾಲಿಗೆ ಕಚ್ಚಿಕೊಂಡಳು.

“ನೆಲಿದಾ. ಫಿದೆನ್ಸಿಯೊ ಮಗಳು. ಐದು ಜನ. ಪಟ್ಟಿಯಲ್ಲಿದೀವಿ.”

ಎರ್ಮೆಲಿಂದಾ ಬಡಿಸಿದಳು. ತನ್ನ ಮನೆಗೆ ಹೆಚ್ಚು ಹಾಕಿದಳು ಎನ್ನಿಸಿಕೊಳ್ಳಬಾರದೆಂದು, ಪ್ರತಿದಿನ ಮಾಡುವಂತೆ, ಐದು ಸಲವೂ ಸೌಟನ್ನು ಮುಕ್ಕಾಲು ಮಾತ್ರ ತುಂಬಿಸಿದಳು. ನೆಲಿದಾ ಪಾತ್ರೆಯೊಳಗೆ ಬಗ್ಗಿ ನೋಡಿದಳು. ಜರುಗಲಿಲ್ಲ.

“ಸಾಲಲ್ಲಮ್ಮ,” ಎಂದಳು, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. “ನಮಗೆ ಹಸಿವಾಗತ್ತೆ. ಇನ್ನೊಂದು ಸೌಟು ಹಾಕು.”

ಇಪ್ಪತ್ತೆಂಟು ಹೆಂಗಸರ ಕಣ್ಣು ತಾಯಿಯ ಕೈ ಮೇಲಿತ್ತು. ಎರ್ಮೆಲಿಂದಾಳ ಕಿವಿ ಕೆಂಪೇರಿತು. ಅವಳು ಸೌಟನ್ನು ಹಂಡೆಯ ತಳದವರೆಗೆ ಇಳಿಸಿ, ತುಂಬ ತೆಗೆದು, ಮಗಳ ಪಾತ್ರೆಗೆ ಸುರಿದಳು.